ಎಂಟನೆಯ ದಿನಕ್ಕೆ ನೀರು

ಭಾನುವಾರ ಬೆಳಿಗ್ಗೆ ದೋಸೆ ಇನ್ನೂ ಕಾವಲಿಯ ಮೇಲಿರುವಾಗಲೇ ಫೋನು ಬಂತು. ಕಿಲಿಮಾನಿ ಬಡಾವಣೆಯಲ್ಲಿ ನಾನು ನೋಡಿಕೊಳ್ಳುವ ಒಂದು ಅಪಾರ್ಟ್‌ಮೆಂಟಿನ ವಾಚ್‌ಮನ್. "ಬಾಸ್, ಬೋರ್‌ವೆಲ್ ಮೋಟರ್ ಓಡ್ತಾ ಇದೆ, ಟ್ಯಾಂಕಿಗೆ ನೀರು ಬರ್ತಿಲ್ಲ" ಎಂದ. ನೈರೋಬಿಯಲ್ಲಿ ಇಂಥ ಹಲವು ಕಟ್ಟಡಗಳ ನೀರು, ಲಿಫ್ಟು, ಜನರೇಟರುಗಳ ಉಸ್ತುವಾರಿ ನಮ್ಮ ಕಂಪನಿಯದು. ಲಿಫ್ಟು ನಿಂತರೆ ಜನ ಮೆಟ್ಟಿಲು ಹತ್ತುತ್ತಾರೆ, ಕರೆಂಟು ಹೋದರೆ ಮೊಬೈಲ್ ಬೆಳಕಿನಲ್ಲಿ ಉಣ್ಣುತ್ತಾರೆ. ನೀರು ನಿಂತರೆ ಮಾತ್ರ ಇಂಜಿನಿಯರಿನ ಏಳು ತಲೆಮಾರನ್ನು ನೆನೆಯುತ್ತಾರೆ. ದೋಸೆಯನ್ನು ಹೆಂಡತಿಗೆ ಒಪ್ಪಿಸಿ ಹೊರಟೆ.

ಮೋಟರಿನ ಆಂಪ್ಸ್ ನೋಡಿದೆ, ಹೆಚ್ಚು ವ್ಯತ್ಯಾಸವಿರಲಿಲ್ಲ. ಟ್ಯಾಂಕಿನ ಬಾಯಲ್ಲಿ ನೀರು ಬೆರಳು ದಪ್ಪ ಬೀಳುತ್ತಿತ್ತು, ಅಷ್ಟೇ. ಅಂಗಳದ ಮೂಲೆಯಲ್ಲಿರುವ ಬೋರ್‌ವೆಲ್‌ ಹತ್ತಿರ ಮಂಡಿಯೂರಿ, ಕೇಸಿಂಗ್ ಪೈಪಿನ ಬಾಯಿಗೆ ಕಿವಿಯಿಟ್ಟೆ. ಒಳಗೆ ಎಲ್ಲೋ ಆಳದಲ್ಲಿ ಸೋ ಎಂದು ನೀರು ಸುರಿಯುವ ಸದ್ದು. ಮೇಲೆತ್ತಿದ ನೀರು ದಾರಿಯಲ್ಲೇ ಸೋರಿ ಮತ್ತೆ ಬಾವಿಗೇ ಬೀಳುತ್ತಿದೆ. ಕೇಸಿಂಗಿನೊಳಗೆ ಇಳಿಬಿಟ್ಟ ನೀರೆತ್ತುವ ಪೈಪು ತೂತಾಗಿದೆ, ಸಂಶಯವೇ ಇಲ್ಲ. ಇನ್ನೂರು ಮೀಟರಿಗೂ ಹೆಚ್ಚು ಕಬ್ಬಿಣದ ಪೈಪನ್ನು ಒಂದೊಂದಾಗಿ ಬಿಚ್ಚಿ ಮೇಲೆಳೆಯಬೇಕು. ಭಾರ ಎಳೆಯುವ ವಿಂಚ್ ಇರುವ ಲಾರಿಗೆ ಹೇಳಿ, ಅಲ್ಲಿಯವರೆಗೆ ಟ್ಯಾಂಕರ್ ನೀರಿಗೆ ವ್ಯವಸ್ಥೆ ಮಾಡಿ ಮನೆಗೆ ಬಂದೆ.

ಮಂಗಳವಾರ ಸಂಜೆ ನಿವಾಸಿಗಳ ಸಮಿತಿ ನನ್ನನ್ನು ಸಭೆಗೆ ಕರೆಯಿತು. ಸಮಿತಿಯ ಅಧ್ಯಕ್ಷರು ನಮ್ಮವರೇ. ಬೆಂಗಳೂರಿನ ಬಸವನಗುಡಿಯವರು, ಇಲ್ಲಿನ ಬ್ಯಾಂಕೊಂದರಲ್ಲಿ ದೊಡ್ಡ ಹುದ್ದೆ. ನಾನು ಮಂಡ್ಯದ ಕಡೆಯವನು. ಸಭೆಯಲ್ಲಿ ಇಂಗ್ಲಿಷು, ಸಿಟ್ಟು ಬಂದಾಗ ಕನ್ನಡ, ಇದು ನಮ್ಮಿಬ್ಬರ ನಡುವಿನ ಒಪ್ಪಂದ. ಪೈಪಿನ ವಿಷಯ ವಿವರಿಸಿದೆ. ಅವರು ಕೇಳಿಸಿಕೊಳ್ಳಲಿಲ್ಲ.

"ಪೈಪ್ ಅಲ್ಲ ರೀ. ಥರ್ಡ್ ಫ್ಲೋರ್ ನೈಜೀರಿಯಾದವರ ಮನೆಗೆ ದಿನಾ ಎಷ್ಟ್ ಜನ ಗೆಸ್ಟ್ಸ್ ಬರ್ತಾರೆ ನೋಡಿದ್ದೀರಾ? ಬೋರ್‌ವೆಲ್ ಡ್ರೈ ಆಗಿರೋದು ಅವರಿಂದಾನೇ."

ಮೂರನೆಯ ಮಹಡಿಯಲ್ಲಿ ಆ ಶನಿವಾರವಷ್ಟೇ ಹೆಣ್ಣು ಮಗು ಹುಟ್ಟಿತ್ತು. ಮಗುವಿನ ತಂದೆ ಗಿಗಿರಿ ಬಡಾವಣೆಯ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದ, ಮೆಲುದನಿಯ ಮನುಷ್ಯ. ಬಾಣಂತನಕ್ಕೆಂದು ಅವನ ತಾಯಿ ಊರಿನಿಂದ ಬಂದಿದ್ದರು. ಹುಟ್ಟಿದ ಎಂಟನೆಯ ದಿನ, ಎಂದರೆ ಬರುವ ಶನಿವಾರ, ಅಂಗಳದಲ್ಲಿ ಮಗುವಿಗೆ ಹೆಸರಿಡುತ್ತೇವೆ, ಅಪ್ಪಣೆ ಕೊಡಿ ಎಂದು ಅವನು ಕೇಳಿದ್ದ. ಅಧ್ಯಕ್ಷರಿಗೆ ಅಪ್ಪಣೆ ಕೊಡುವ ಮನಸ್ಸಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಸಂಸಾರವನ್ನೇ ಮನೆ ಬಿಡಿಸಬೇಕು ಎಂದು ಮಾಲೀಕರಿಗೆ ಬರೆಯುವ ಯೋಚನೆಯಲ್ಲಿದ್ದರು. ಈ ಊರಿನಲ್ಲಿ ನೈಜೀರಿಯಾದವನೆಂದರೆ ಮೋಸಗಾರ, ಮಾದಕ ವಸ್ತು ಮಾರುವವನು ಎಂಬ ಮಾತು ಸುಲಭವಾಗಿ ಹರಡುತ್ತದೆ. ಮನೆ ಹುಡುಕುವಾಗ ಅವರು ಎಷ್ಟು ಬಾಗಿಲು ತಟ್ಟಬೇಕಾಗುತ್ತದೆ ಎನ್ನುವುದನ್ನು ನಾನು ಈ ಕೆಲಸದಲ್ಲಿ ಕಣ್ಣಾರೆ ಕಂಡಿದ್ದೇನೆ.

"ಪ್ರೂಫ್ ಇದೆ" ಎಂದು ಅಧ್ಯಕ್ಷರು ಗೋಡೆಯ ಟಿವಿಯಲ್ಲಿ ಒಂದು ತುಣುಕು ಹಾಕಿದರು. ಲಾಬಿಯ ಕ್ಯಾಮೆರಾದಲ್ಲಿ ಸೆರೆಯಾದದ್ದು, ಧ್ವನಿಯಿಲ್ಲ. ಬಾಗಿಲಿನಿಂದ ಒಬ್ಬ ಮುದುಕಿ ಒಳಬರುತ್ತಾರೆ, ತಲೆಗೆ ದೊಡ್ಡ ರುಮಾಲು. ಸೂಟು ತೊಟ್ಟ ಮೂರನೆಯ ಮಹಡಿಯ ಯುವಕ ಎದುರು ಬರುತ್ತಾನೆ. ಇದ್ದಕ್ಕಿದ್ದಂತೆ ಅವನು ನೆಲಕ್ಕೆ ಬೋರಲು ಬೀಳುತ್ತಾನೆ. ಮುದುಕಿ ಅವನ ಮೇಲೆ ಕೈಯೆತ್ತಿ ಏನೇನೋ ಹೇಳುತ್ತಲೇ ಇರುತ್ತಾರೆ. ವಾಚ್‌ಮನ್ ಗಾಬರಿಯಿಂದ ಓಡಿ ಬರುತ್ತಾನೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಇದು ಆಗಲೇ ಓಡಾಡಿತ್ತಂತೆ. ಕುಡಿದು ಬಿದ್ದ ಎಂದು ಒಬ್ಬರು, ಹೊಡೆದಾಟ ಎಂದು ಇನ್ನೊಬ್ಬರು, ಮಾಟ ಎಂದು ಮತ್ತೊಬ್ಬರು.

ನನಗೆ ನೋಡಿದ ಕೂಡಲೇ ತಿಳಿಯಿತು. ನಗುವೂ ಬಂತು, ಸಿಟ್ಟೂ ಬಂತು.

"ಸರ್, ಅವನು ಬಿದ್ದಿಲ್ಲ. ಅಡ್ಡಬಿದ್ದಿದ್ದಾನೆ" ಎಂದೆ ಕನ್ನಡದಲ್ಲಿ.

"ಏನ್ರೀ ಹಂಗಂದ್ರೆ?"

ಬಾಯಲ್ಲಿ ಹೇಳಿದರೆ ಉಳಿದವರಿಗೆ ಅರ್ಥವಾಗುವಂತಿರಲಿಲ್ಲ. ಸಭೆಯಲ್ಲಿ ಎಲ್ಲರಿಗಿಂತ ಹಿರಿಯರು ಕೀನ್ಯಾದ ಒಬ್ಬ ನಿವೃತ್ತ ಶಿಕ್ಷಕಿ. ಎದ್ದು ಹೋಗಿ, ಕುರ್ಚಿ ಸರಿಸಿ, ಗ್ರೀಸು ಮೆತ್ತಿದ ಕೆಲಸದ ಬಟ್ಟೆಯಲ್ಲೇ ಆ ಶಿಕ್ಷಕಿಯ ಮುಂದೆ ಉದ್ದಕ್ಕೆ ಮಲಗಿಬಿಟ್ಟೆ. ಹಣೆಗೆ ಟೈಲ್ಸು ತಣ್ಣಗೆ ತಾಗಿತು.

"ಏಳ್ರೀ ಮೇಲೆ! ಏನ್ ನಾಟಕ ಇದು!" ಎಂದು ಅಧ್ಯಕ್ಷರು ಕೂಗಿದರು.

ಬಟ್ಟೆ ಕೊಡವಿಕೊಂಡು ಎದ್ದೆ. "ನಾಟಕ ಅಲ್ಲ ಸಾರ್. ನಿಮ್ಮ ಮದುವೇಲಿ ಮಂಟಪದಿಂದ ಇಳಿದ ಮೇಲೆ ಎಷ್ಟ್ ಜನಕ್ಕೆ ಹಿಂಗೆ ಬಿದ್ದಿದ್ರಿ, ನೆನಪು ಮಾಡ್ಕೊಳಿ. ಆ ವಯಸ್ಸಾದೋರು ಅವನ ತಾಯಿ. ಊರಿಂದ ಬಂದ ತಾಯಿಗೆ ಮಗ ನಮಸ್ಕಾರ ಮಾಡಿದ್ದಾನೆ. ಇದನ್ನ ಮಾಟ ಅಂದ್ರೆ ನಮ್ಮೂರಲ್ಲಿ ನಗ್ತಾರೆ."

ಅದನ್ನೇ ಉಳಿದವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಶಿಕ್ಷಕಿ ನಗುತ್ತಾ, "ನನಗಂತೂ ಇಷ್ಟು ಮರ್ಯಾದೆ ಯಾವ ವಿದ್ಯಾರ್ಥಿಯೂ ಕೊಟ್ಟಿರಲಿಲ್ಲ. ಸುಮ್ಮನೆ ಊಹಿಸೋದ್ಯಾಕೆ, ಆ ಹುಡುಗನನ್ನೇ ಕರೆದು ಕೇಳಿ" ಎಂದರು.

ಅವನು ಕೆಳಗೆ ಬಂದ. ಟಿವಿಯಲ್ಲಿ ತನ್ನನ್ನೇ ನೋಡಿದ. ಅವನ ಮುಖ ಬಿಗಿಯಿತು, ದನಿ ಮಾತ್ರ ಏರಲಿಲ್ಲ.

"ಅವರು ನನ್ನ ತಾಯಿ. ನೀವೆಲ್ಲ ನನ್ನನ್ನು ನೈಜೀರಿಯಾದವನು ಅಂತೀರಿ, ಹೌದು. ಆದರೆ ನೈಜೀರಿಯಾ ಬಹಳ ದೊಡ್ಡದು. ನಾನು ಯೊರುಬಾ ಜನಾಂಗದವನು, ಇಬಾದಾನ್ ಊರಿನವನು. ತಾಯಿ ಎದುರಿಗೆ ನಿಂತುಕೊಂಡೇ ಹಲೋ ಹೇಳಿದರೆ ನಮ್ಮಲ್ಲಿ ಅದು ಅಪಚಾರ. ನಾನು ನೆಲಕ್ಕೆ ಬಿದ್ದಾಗ ಅವರು ನನ್ನ ವಂಶದ ಹೊಗಳಿಕೆ ಹೇಳ್ತಾ ಇದ್ದರು. ಅದಕ್ಕೆ ನಾವು ಓರಿಕಿ ಅಂತೀವಿ. ಚಿಕ್ಕವನಿದ್ದಾಗ ಶಾಲೆಗೆ ಹೋಗೋಕೆ ಹೆದರಿದರೂ ಅದನ್ನೇ ಹೇಳ್ತಿದ್ದರು. ಅದನ್ನು ಕೇಳಿದರೆ ಬೆನ್ನು ನೆಟ್ಟಗಾಗುತ್ತೆ."

ಮುಹಿಂದಿ ಎಂಬ ಒಂದೇ ಪದದಲ್ಲಿ ಗುಜರಾತಿಯನ್ನೂ ಪಂಜಾಬಿಯನ್ನೂ ನನ್ನನ್ನೂ ಸೇರಿಸಿ ಕರೆಯುವ ಊರಿನಲ್ಲಿ ಬದುಕುವ ನನಗೆ, ಅವನು ಯಾಕೆ ಊರಿನ ಹೆಸರು ಹೇಳಿದ ಎಂಬುದನ್ನು ಯಾರೂ ವಿವರಿಸಬೇಕಿರಲಿಲ್ಲ. ಅವನು ಹಾಗೆ ನಿಂತು ಮಾತಾಡಿದ್ದು ನೋಡಿ, ನಮ್ಮೂರಿನವನೇ ಯಾರೋ ಗೆದ್ದಷ್ಟು ಹೆಮ್ಮೆಯೆನಿಸಿತು.

ಅಧ್ಯಕ್ಷರು ಟಿವಿ ಆರಿಸಿದರು. ಆದರೆ ಅಷ್ಟಕ್ಕೇ ಸೋಲುವವರಲ್ಲ. "ನಮಸ್ಕಾರದ ವಿಷಯ ಸರಿ. ನೀರಿನ ವಿಷಯ ಹಂಗೇ ಇದೆಯಲ್ಲ? ಶನಿವಾರ ಬೆಳಿಗ್ಗೆ ಬೋರ್‌ವೆಲ್ ನೀರು ಬಂದ್ರೆ ಫಂಕ್ಷನ್ ಮಾಡ್ಕೊಳ್ಲಿ. ಬರ್ಲಿಲ್ಲ ಅಂದ್ರೆ ಒಬ್ಬ ಗೆಸ್ಟೂ ಗೇಟ್ ಒಳಗೆ ಬರೋ ಹಾಗಿಲ್ಲ, ಮನೆ ಓನರ್‌ಗೂ ನಾನು ಬರೀತೀನಿ."

"ಬರುತ್ತೆ ಸರ್" ಎಂದುಬಿಟ್ಟೆ. ಹೊರಗೆ ಬಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಬೋರ್‌ವೆಲ್ ವಿಷಯದಲ್ಲಿ ದಿನ ಹೇಳಿ ಮಾತು ಕೊಡುವ ಇಂಜಿನಿಯರು ಒಂದೋ ಹೊಸಬ, ಇಲ್ಲವೇ ಮಂಡ್ಯದವನು.

ಬುಧವಾರ ಬೆಳಿಗ್ಗೆ ಲಾರಿ ಬಂತು. ಜೊತೆಗೆ ಫುಂಡಿ ಮತ್ತು ಅವನ ತಂಡ. ಫುಂಡಿಯೆಂದರೆ ಇಲ್ಲಿ ಮೇಸ್ತ್ರಿ. ಈತ ಕಂಬಾ ಜನಾಂಗದ ಎತ್ತರದ ಆಳು, ಮಾತು ಕಡಿಮೆ. ವಿಂಚಿನ ಹಗ್ಗಕ್ಕೆ ಪೈಪು ಸಿಕ್ಕಿಸಿ ಮೇಲೆಳೆಯುವುದು, ಕೆಳಗಿನ ಪೈಪಿಗೆ ಕ್ಲ್ಯಾಂಪು ಬಿಗಿದು ಕೇಸಿಂಗ್ ಬಾಯಿಯ ಮೇಲೆ ಕೂರಿಸುವುದು, ಎರಡು ರೆಂಚು ಹಾಕಿ ಮೇಲಿನ ಪೈಪನ್ನು ಬಿಚ್ಚುವುದು, ಅಂಗಳದಲ್ಲಿ ಸಾಲಾಗಿ ಮಲಗಿಸುವುದು. ಕ್ಲ್ಯಾಂಪು ಜಾರಿದರೆ ಉಳಿದ ಪೈಪು, ಪಂಪು, ಮೋಟರು ಎಲ್ಲ ಪಾತಾಳಕ್ಕೆ. ಹಾಗಾಗಿ ಪ್ರತಿ ಸಲ ಬೋಲ್ಟಿನ ಬಿಗಿಯನ್ನು ನಾನೇ ಕೈಯಿಟ್ಟು ನೋಡುತ್ತಿದ್ದೆ.

ನಿವಾಸಿಗಳು ಪಕ್ಕದಲ್ಲೇ ಓಡಾಡುತ್ತಿದ್ದರು. ಒಬ್ಬೊಬ್ಬರೂ ನಿಂತು, ಇನ್ನೂ ಆಗಿಲ್ಲವೇ, ಎಷ್ಟು ಹೊತ್ತು ಬೇಕು ಎಂದು ಕೇಳಿ ಹೋಗುತ್ತಿದ್ದರು. ದೂರುವಂತಿಲ್ಲ, ನಮ್ಮ ಕಡೆಯೂ ಕೆಲಸ ಮಾಡುವವನನ್ನು ಕಂಡರೆ "ಏನ್ ಇನ್ನೂ ಮುಗ್ದಿಲ್ವಾ?" ಎನ್ನುವುದೇ ಮಾತಿನ ಶುರು.

ಹಾಗೆ ಕೇಳದೆ ಹೋದವರು ಒಬ್ಬರೇ. ಮೂರನೆಯ ಮಹಡಿಯ ಅಜ್ಜಿ ಮಗುವಿನ ಬಟ್ಟೆ ಒಣಹಾಕಲು ಕೆಳಗೆ ಬಂದರು. ಬೋರ್‌ವೆಲ್‌ ಹತ್ತಿರ ನಿಂತು ನಮ್ಮನ್ನೆಲ್ಲ ಒಮ್ಮೆ ನೋಡಿ, "ಎ ಕೂ ಇಶೆ ಓ!" ಎಂದರು. ಯಾರಿಗೂ ಅರ್ಥವಾಗಲಿಲ್ಲ. ತಾವೇ ಇಂಗ್ಲಿಷಿನಲ್ಲಿ ಹೇಳಿದರು: "ಕೆಲಸ ಮಾಡ್ತಾ ಇರೋರ ಪಕ್ಕದಲ್ಲಿ ಸುಮ್ಮನೆ ಹಾದುಹೋಗಬಾರದು. ನಿಮ್ಮ ಕೆಲಸಕ್ಕೆ ನನ್ನ ವಂದನೆ ಅಂತ ಹೇಳಬೇಕು. ನಮ್ಮಲ್ಲಿ ನಿಂತೋರಿಗೆ ಒಂದು ಮಾತು, ಕೂತೋರಿಗೆ ಒಂದು ಮಾತು, ದಣಿದೋರಿಗೆ ಒಂದು ಮಾತು."

ಫುಂಡಿ ಮೊದಲ ಬಾರಿಗೆ ನಕ್ಕ. "ನಮ್ಮಲ್ಲೂ ಇದೆ ಶೋಷೊ. ಪೊಲೆ ನಾ ಕಾಜಿ ಅಂತೀವಿ" ಎಂದ. ಶೋಷೊ ಎಂದರೆ ನೈರೋಬಿಯವರ ಬಾಯಲ್ಲಿ ಅಜ್ಜಿ. ಅಲ್ಲಿಂದ ಮುಂದೆ ಅವರು ಕೆಳಗಿಳಿದಾಗಲೆಲ್ಲ ಅದೇ ಮಾತು, ತಂಡದವರದು ಅದಕ್ಕೆ ಉತ್ತರ. ಕನ್ನಡದಲ್ಲಿ ಅದಕ್ಕೆ ಸರಿಸಾಟಿಯಾದ ಮಾತು ಯಾವುದು ಎಂದು ಹುಡುಕಿದೆ, ಹೊಳೆಯಲಿಲ್ಲ. "ಊಟ ಆಯ್ತಾ?" ಎನ್ನುವುದರಲ್ಲೇ ನಾವು ಎಲ್ಲವನ್ನೂ ತುಂಬಿಬಿಟ್ಟಿದ್ದೇವೆ ಅನ್ನಿಸುತ್ತದೆ.

ಮಧ್ಯಾಹ್ನ ದಾಟಿದ ಮೇಲೆ ಪೈಪು ಸಿಕ್ಕಿಕೊಂಡಿತು. ವಿಂಚು ಮುಲುಗಿತು, ಲಾರಿಯ ಹಿಂಭಾಗ ತಗ್ಗಿತು, ಪೈಪು ಮಾತ್ರ ಒಂದಂಗುಲ ಮೇಲೆ ಬರಲಿಲ್ಲ. ಸಡಿಲಬಿದ್ದ ಮೋಟರ್ ಕೇಬಲ್ಲು ಪೈಪಿಗೂ ಕೇಸಿಂಗಿಗೂ ಮಧ್ಯೆ ಮಡಚಿ ಬೆಣೆಯಾಗಿತ್ತು. ಅಧ್ಯಕ್ಷರು ಆಫೀಸಿನಿಂದ ಬೇಗ ಬಂದಿದ್ದರು.

"ಇಂಡಸ್ಟ್ರಿಯಲ್ ಏರಿಯಾದಿಂದ ದೊಡ್ಡ ಕ್ರೇನ್ ತರ್ಸಿ ಎಳೀರಿ. ಟೈಮ್ ವೇಸ್ಟ್ ಮಾಡ್ಬೇಡಿ."

ಕ್ರೇನಿಗೆ ಶಕ್ತಿಯುಂಟು ನಿಜ. ಕೊಳೆತ ಪೈಪಿಗೆ ಅದನ್ನು ತಡೆಯುವ ಶಕ್ತಿಯಿಲ್ಲ. ಎಳೆತಕ್ಕೆ ಪೈಪು ತುಂಡಾದರೆ ಪಂಪು ತಳ ಸೇರುತ್ತದೆ, ಬಾವಿಯೇ ಕೈಬಿಟ್ಟ ಹಾಗೆ, ಮಗುವಿನ ನಾಮಕರಣವೂ ಹಾಗೆಯೇ. "ಎಳೆಯಲ್ಲ ಸರ್. ಕೆಳಗೆ ಬಿಡ್ತೀನಿ" ಎಂದೆ. ಅವರು ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದರು. ಎಳೆದಷ್ಟೂ ಕೇಬಲ್ಲು ಬಿಗಿಯುತ್ತದೆ, ಇಳಿಸಿದರೆ ಸಡಿಲವಾಗಬಹುದು. ಸ್ವಲ್ಪ ಇಳಿಸುವುದು, ರೆಂಚಿನಿಂದ ನಿಧಾನವಾಗಿ ತಿರುಗಿಸುವುದು, ಮತ್ತೆ ಎತ್ತಿ ನೋಡುವುದು. ತಿರುಗಿಸುವುದು ಬಲಕ್ಕೆ ಮಾತ್ರ. ಎಡಕ್ಕೆ ತಿರುಗಿಸಿದರೆ ಕಣ್ಣಿಗೆ ಕಾಣದ ಆಳದಲ್ಲಿ ಯಾವುದೋ ಜೋಡಣೆ ಬಿಚ್ಚಿಕೊಳ್ಳುತ್ತದೆ. ಇಳಿಸಿದೆವು, ತಿರುಗಿಸಿದೆವು, ಎತ್ತಿದೆವು. ಆಗಲಿಲ್ಲ. ಮತ್ತೆ ಇಳಿಸಿದೆವು. ಬೆಳಕು ಕುಂದುವ ಹೊತ್ತಿಗೆ ಫುಂಡಿಯ ಕೈಯಲ್ಲಿದ್ದ ಹಗ್ಗ ಒಮ್ಮೆ ಅದುರಿತು, ಪೈಪು ಮೊಣಕೈ ಉದ್ದ ಮೇಲೆ ಬಂತು. ತಂಡದವರು ಕೂಗಿದ ಕೂಗಿಗೆ ಎಲ್ಲ ಬಾಲ್ಕನಿಗಳಲ್ಲೂ ಜನ ಕಾಣಿಸಿಕೊಂಡರು.

ಗುರುವಾರ ಬೆಳಿಗ್ಗೆ ತೂತಾದ ಪೈಪು ಹೊರಬಂತು. ಎರಡು ಪೈಪು ಸೇರುವ ಕಪ್ಲಿಂಗಿನ ಪಕ್ಕದಲ್ಲಿ ತುಕ್ಕು ತಿಂದು ನನ್ನ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಕಿಂಡಿಯಾಗಿತ್ತು. ಅದನ್ನು ತೊಳೆಸಿ ಲಾಬಿಯ ಬಾಗಿಲಲ್ಲೇ ಇಡಿಸಿದೆ. ನೀರನ್ನು ಕುಡಿದವರು ಯಾರು ಎಂಬುದನ್ನು ಹೋಗುವವರು ಬರುವವರೆಲ್ಲ ನೋಡಲಿ ಎಂಬುದು ನನ್ನ ಹಟ. ಅಧ್ಯಕ್ಷರು ಕಿಂಡಿಯೊಳಗೆ ಬೆರಳಿಟ್ಟು ನೋಡಿ, "ಹೂಂ" ಎಂದು ಕಾರು ಹತ್ತಿದರು.

ಹೊಸ ಪೈಪುಗಳಿಗಾಗಿ ನಾನು ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋದೆ. ಅಲ್ಲಿಂದ ವಾಪಸು ಬರುವ ಲಾರಿ ಜಾಮಿನಲ್ಲಿ ಸಿಕ್ಕಿ ಇಡೀ ಮಧ್ಯಾಹ್ನವನ್ನು ತಿಂದಿತು. ಮಟಾಟು ಎಂಬ ಇಲ್ಲಿನ ಮಿನಿಬಸ್ಸುಗಳು ಫುಟ್‌ಪಾತ್ ಏರಿ ಮುಂದೆ ಹೋಗುತ್ತಿದ್ದವು, ಪೈಪು ಹೊತ್ತ ಲಾರಿಗೆ ಆ ಭಾಗ್ಯವಿಲ್ಲ. ಮೋಟರನ್ನು ಪರೀಕ್ಷಿಸಿದೆ, ಗಟ್ಟಿಯಾಗಿತ್ತು. ಬೆಣೆಯಾಗಿದ್ದ ಜಾಗದಲ್ಲಿ ಕೇಬಲ್ಲಿನ ಸಿಪ್ಪೆ ಹರಿದಿತ್ತು. ಆ ಭಾಗವನ್ನು ಕತ್ತರಿಸಿ ಹೊಸ ಜಾಯಿಂಟ್ ಹಾಕಿಸಿದೆ.

ಶುಕ್ರವಾರ ಪಂಪನ್ನು ಕೆಳಗಿಳಿಸಲು ಶುರು ಮಾಡಿದೆವು. ಕೆಲವು ಪೈಪು ಇಳಿಸಿದಾಗಲೆಲ್ಲ ಮೆಗ್ಗರ್ ಎಂಬ ಮೀಟರಿನಿಂದ ಕೇಬಲ್ಲಿನ ಇನ್ಸುಲೇಷನ್ ಅಳೆಯುತ್ತಿದ್ದೆ. ಮೊದಲು ಮುಳ್ಳು ಸರಿಯಾಗಿಯೇ ನಿಲ್ಲುತ್ತಿತ್ತು. ಜಾಯಿಂಟು ನೀರಿನೊಳಗೆ ಮುಳುಗಿದ ಸ್ವಲ್ಪ ಹೊತ್ತಿಗೆ ಮುಳ್ಳು ಇಳಿಯಿತು. ಮತ್ತೆ ಅಳೆದೆ, ಇನ್ನಷ್ಟು ಇಳಿಯಿತು. ಜಾಯಿಂಟಿನೊಳಗೆ ನೀರು ನುಗ್ಗಿದೆ.

"ಈಗ ಓಡುತ್ತೆ ಬಿಡಿ ಬಾಸ್" ಎಂದ ಫುಂಡಿ. "ನಾಳೆ ನೀರು ಬಂದರೆ ಸಾಕಲ್ಲ?"

ಅವನ ಮಾತು ಸುಳ್ಳಲ್ಲ, ನಾಳೆಗೆ ಓಡುತ್ತಿತ್ತು. ಆಮೇಲೆ ಎಂದೋ ಒಂದು ದಿನ ಮೋಟರು ಸುಟ್ಟು, ನೀರು ನಿಂತು, ಬೆರಳು ಮತ್ತೆ ಮೂರನೆಯ ಮಹಡಿಯ ಕಡೆಗೇ ತೋರುತ್ತಿತ್ತು. "ಮೇಲೆ ಎತ್ತಿ" ಎಂದೆ. ಯಾರೂ ಕದಲಲಿಲ್ಲ. ಮೂರು ದಿನದಿಂದ ಕೆಲಸ ಮಾಡಿ ಮೈ ನೊಂದವರು, ಇಳಿಸಿದ್ದನ್ನೆಲ್ಲ ಮತ್ತೆ ಎತ್ತು ಎಂದರೆ ಯಾರಿಗಾದರೂ ಮೈ ಉರಿಯುತ್ತದೆ. ನನಗೂ ಕೂಗಾಡುವ ಚೈತನ್ಯವಿರಲಿಲ್ಲ.

ಅಷ್ಟರಲ್ಲಿ ಅಜ್ಜಿ ದೊಡ್ಡ ಪಾತ್ರೆಯಲ್ಲಿ ಕೆಂಪನೆಯ ಅನ್ನ ತಂದರು. ಟೊಮೆಟೊ, ಮೆಣಸಿನಕಾಯಿ ಹಾಕಿದ್ದು, ಘಾಟು ಮೂಗಿಗೆ ಹತ್ತಿತು. ನಮ್ಮ ಮುಖ ನೋಡಿ ವಿಷಯ ಕೇಳಿದರು. ಹೇಳಿದೆ. ಅವರು ಬೇಗ ಮಾಡಿ ಎನ್ನಲಿಲ್ಲ, ನನ್ನ ಮೊಮ್ಮಗಳ ಹೆಸರಿಡುವ ದಿನ ಎಂದೂ ಅನ್ನಲಿಲ್ಲ. ಫುಂಡಿಯ ಪಕ್ಕದಲ್ಲಿ ಕೂತು, "ನಿನ್ನ ತಾಯಿಯ ಹೆಸರೇನು? ಊರು ಯಾವುದು? ನಿಮ್ಮ ಜನ ಯಾವುದಕ್ಕೆ ಹೆಸರಾದವರು?" ಎಂದು ವಿಚಾರಿಸಿದರು. ಅವನು ಸಂಕೋಚದಿಂದ ಹೇಳಿದ: ತಾಯಿ ಮಚಾಕೋಸ್ ಕಡೆಯ ಒಣ ಬೆಟ್ಟದ ಊರಿನವಳು, ದಿನಾ ದೂರದಿಂದ ನೀರು ಹೊತ್ತು ಮಕ್ಕಳನ್ನು ಬೆಳೆಸಿದವಳು, ತಮ್ಮ ಜನ ಮರದ ಕೆತ್ತನೆಗೆ ಹೆಸರಾದವರು. ಅಜ್ಜಿ ಎದ್ದು ನಿಂತು, ಅವನ ಭುಜದ ಮೇಲೆ ಕೈಯಿಟ್ಟು, ಅದನ್ನೇ ಹೊಗಳಿಕೆಯಾಗಿ ಹೇಳತೊಡಗಿದರು. ನೀರು ಹೊತ್ತವಳ ಮಗನೇ, ಮರಕ್ಕೆ ಜೀವ ಕೊಟ್ಟವರ ಕುಲದವನೇ, ನೆಲದೊಳಗಿನ ನೀರನ್ನು ಕೈಯಿಂದ ಹುಡುಕುವವನೇ. ಅರ್ಧ ಇಂಗ್ಲಿಷು, ಅರ್ಧ ಯೊರುಬಾ. ಅಷ್ಟೆತ್ತರದ ಆಳು ತಲೆ ತಗ್ಗಿಸಿ ಕೂತಿದ್ದವನು ಕಣ್ಣೊರೆಸಿಕೊಂಡ. ಊಟ ಮುಗಿಸಿ ಮೊದಲು ರೆಂಚು ಕೈಗೆತ್ತಿಕೊಂಡವನು ಅವನೇ. ನನಗೂ ಯಾರಾದರೂ ಹಾಗೆ ಹೇಳಲಿ ಅನ್ನಿಸಿತು, ನಾಚಿಕೆಯಾಗಿ ಮೆಗ್ಗರ್ ಕೈಗೆತ್ತಿಕೊಂಡೆ.

ಜಾಯಿಂಟನ್ನು ಬಿಚ್ಚಿ ಹೊಸದಾಗಿ ಮಾಡಿ, ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು, ಮುಳ್ಳು ಕದಲುವುದಿಲ್ಲವೆಂದು ಖಾತ್ರಿಯಾದ ಮೇಲೆಯೇ ಇಳಿಸಿದೆವು. ಕೊನೆಯ ಪೈಪುಗಳು ಉಳಿದದ್ದು ಶನಿವಾರ ಬೆಳಿಗ್ಗೆಗೆ.

ಶನಿವಾರ ಸ್ವಿಚ್ಚು ಒತ್ತಿದಾಗ ಅಂಗಳದಲ್ಲಿ ಆಗಲೇ ಕುರ್ಚಿಗಳನ್ನು ಜೋಡಿಸಿದ್ದರು. ಗೇಟಿನ ಹೊರಗೆ ನೀಲಿ ಬಟ್ಟೆ ತೊಟ್ಟ ನೆಂಟರು ನಿಂತಿದ್ದರು. ವಾಚ್‌ಮನ್ ಅಧ್ಯಕ್ಷರ ಅಪ್ಪಣೆಗೆ ಕಾಯುತ್ತಿದ್ದ. ಪೈಪಿನ ಬಾಯಿಂದ ಮೊದಲು ಗಾಳಿ, ಆಮೇಲೆ ಕಾಫಿ ಬಣ್ಣದ ಕೆಸರು ನೀರು. ಬಿಟ್ಟುಕೊಂಡು ಕಾದೆವು. ಬಣ್ಣ ತಿಳಿಯಾಗುತ್ತ ಬಂದು, ಕೊನೆಗೆ ತೋಳು ದಪ್ಪದ ಶುಭ್ರ ನೀರು ಧುಮುಕಿತು. ಒಂದು ಬೊಗಸೆ ಹಿಡಿದು ಮುಖಕ್ಕೆ ಎರಚಿಕೊಂಡೆ. ಇಷ್ಟು ವರ್ಷಗಳ ಕೆಲಸದಲ್ಲಿ ನೀರು ಕಂಡು ಅಷ್ಟು ಜಂಬ ಪಟ್ಟಿದ್ದು ಅದೇ ಮೊದಲು. ಅಧ್ಯಕ್ಷರು ಕೆಳಗಿಳಿದು ಬಂದು ನೋಡಿ, ಗೇಟಿನ ಕಡೆ ಕೈ ಬೀಸಿದರು. ನೆಂಟರು ಒಳಗೆ ಬಂದರು.

ಅಜ್ಜಿ ಅದೇ ನೀರನ್ನು ಬಟ್ಟಲಲ್ಲಿ ಹಿಡಿಸಿಕೊಂಡರು. ಜೊತೆಗೆ ಜೇನು, ಉಪ್ಪು, ಊರಿಂದ ತಂದ ಕೋಲಾ ಬೀಜ. ಒಂದೊಂದನ್ನೂ ಹರಸಿ ಮಗುವಿನ ತುಟಿಗೆ ಮುಟ್ಟಿಸಿದರು. ತಂದೆತಾಯಿ ತಮ್ಮ ಹೆಸರು ಹೇಳಿದರು, ನೆಂಟರೂ ಒಬ್ಬೊಬ್ಬರಾಗಿ ಒಂದೊಂದು ಹೆಸರು ಕೊಟ್ಟರು. ಅವರಲ್ಲಿ ಒಂದು ಮಗುವಿಗೆ ಎಷ್ಟು ಹೆಸರು ಬಂದರೂ ಅದು ಐಶ್ವರ್ಯವೇ. ಆಮೇಲೆ ಅಜ್ಜಿ ಸುತ್ತ ನೋಡಿ, ಹಿಂದೆ ಕೈಕಟ್ಟಿ ನಿಂತಿದ್ದ ಅಧ್ಯಕ್ಷರನ್ನು ಕರೆದರು.

"ಈ ಅಂಗಳಕ್ಕೆ ನೀವು ಹಿರಿಯರು. ಒಂದು ಅಂಗಳದಲ್ಲಿ ಹುಟ್ಟಿದ ಮಗುವಿಗೆ ಆ ಅಂಗಳದ ಹಿರಿಯರೂ ಹೆಸರು ಕೊಡಬೇಕು. ಕೊಡಿ."

ಮಗ ನೆಲ ನೋಡಿದ. ಮನೆ ಬಿಡಿಸುವ ಮಾತು ಅಜ್ಜಿಯ ಕಿವಿಗೂ ಬಿದ್ದಿತ್ತೆಂದು ಅವನು ಆಮೇಲೆ ನನಗೆ ಹೇಳಿದ. ಆಗ ಅವರ ಮುಖದಲ್ಲಿ ಅದರ ಸುಳಿವೇ ಇರಲಿಲ್ಲ.

ಅಧ್ಯಕ್ಷರು ತಬ್ಬಿಬ್ಬಾಗಿ ನನ್ನ ಕಡೆ ತಿರುಗಿದರು. "ಏನ್ರೀ ಹೇಳ್ಲಿ?"

"ನಿಮ್ಮ ಮನೇಲಿ ಹೆಣ್ಣು ಮಗು ಹುಟ್ಟಿದ್ರೆ ಏನ್ ಇಡ್ತಿದ್ರೋ ಅದೇ ಹೇಳಿ ಸರ್."

ಅಜ್ಜಿ ಮಗುವನ್ನು ಅವರ ಕೈಗೆ ಕೊಟ್ಟೇಬಿಟ್ಟರು. ಅವರು ಬಹಳ ಹೊತ್ತು ಮಗುವನ್ನು ನೋಡಿದರು. ನಂತರ, ನಮ್ಮಲ್ಲಿ ಮಾಡುವ ಹಾಗೆ, ಬಗ್ಗಿ ಅದರ ಕಿವಿಯಲ್ಲಿ ಮೆಲ್ಲಗೆ ಹೇಳಿದರು. ಜೋರಾಗಿ ಹೇಳಿ ಎಂದು ಎಲ್ಲರೂ ಕೂಗಿದಾಗ ಗಂಟಲು ಸರಿಮಾಡಿಕೊಂಡು, "ಜಯಮ್ಮ" ಎಂದರು.

"ಜಯಮ್ಮಾ!" ಎಂದು ಇಡೀ ಅಂಗಳ ಕೂಗಿತು. ಅಜ್ಜಿ ಆ ಹೆಸರನ್ನು ತಮ್ಮ ಹೊಗಳಿಕೆಯ ನಡುವೆ ಸೇರಿಸಿ ಇನ್ನೊಮ್ಮೆ ಕೂಗಿದರು. ಫುಂಡಿ ಬಕೆಟ್ಟು ತಟ್ಟಿ ತಾಳ ಹಾಕಿದ.

ಮಗುವನ್ನು ಹಿಂದಿರುಗಿಸಿ ಅಧ್ಯಕ್ಷರು ನನ್ನ ಪಕ್ಕಕ್ಕೆ ಬಂದು ನಿಂತರು. ಕನ್ನಡಕ ತೆಗೆದು ಒರೆಸಿಕೊಂಡರು.

"ನಮ್ಮಮ್ಮನ ಹೆಸರು ಕಣ್ರೀ."

"ಗೊತ್ತಾಯ್ತು ಸರ್."

ಅವರು ಕನ್ನಡಕ ಹಾಕಿಕೊಂಡು ಸಮಿತಿಯವರು ಕೂತಿದ್ದ ಸಾಲನ್ನು ಒಮ್ಮೆ ದುರುಗುಟ್ಟಿ ನೋಡಿದರು.

"ಇನ್ನು ಜಯಮ್ಮನ್ನ ಈ ಬಿಲ್ಡಿಂಗಿಂದ ಖಾಲಿ ಮಾಡ್ಸೋಕೆ ಯಾರ್ ಬರ್ತಾರೋ ಬರ್ಲಿ. ನಾನ್ ನೋಡ್ಕೋತೀನಿ."